ಗೊತ್ತಿಲ್ಲದವರು ಕೈ ಎತ್ತಿ

ಶಾಲು ಹೊದಿಸಬೇಕಾಗಿದ್ದದ್ದು ಜಹನಾರಾ ಮಿಸ್‌ಗೆ. ನಮ್ಮವರು ಹೊದಿಸಿ ಬಂದದ್ದು ಮಿಸ್ ಮಗ ಫೈಸಲ್‌ಗೆ.

ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಆ ಫೋಟೋ ಬಂದಾಗ ನಾನು ಬೈಯಪ್ಪನಹಳ್ಳಿಯ ನನ್ನ ರೂಮಿನಲ್ಲಿ ಅನ್ನಕ್ಕಿಟ್ಟು ಕೂತಿದ್ದೆ. ತಲೆಗೆ ಮೈಸೂರು ಪೇಟ, ಕೊರಳಿಗೆ ಏಲಕ್ಕಿ ಹಾರ, ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಶಿವಾಜಿನಗರದಲ್ಲಿ ಮೊಬೈಲ್ ಕವರ್ ಅಂಗಡಿ ಇಟ್ಟಿರುವ ಫೈಸಲ್, ಯಾರದೋ ಮದುವೆಗೆ ಹೋಗಿ ತಪ್ಪಿ ಮಂಟಪ ಹತ್ತಿದವನ ಹಾಗೆ ನಿಂತಿದ್ದ. ಅವನ ಎಡಬಲಕ್ಕೆ ನಮ್ಮ ಬ್ಯಾಚಿನವರು ಹಲ್ಲು ಕಿರಿದುಕೊಂಡು ನಿಂತಿದ್ದರು. ಕೆಳಗೆ ಗ್ರೂಪ್ ಅಡ್ಮಿನ್ ಲಕ್ಷ್ಮಿಕಾಂತ ಬರೆದಿದ್ದ: ‘ಗುರುವಂದನೆ ಯಶಸ್ವಿ. ಮಿಸ್‌ಗೆ ಹುಷಾರಿಲ್ಲದ ಕಾರಣ ಅವರ ಪರವಾಗಿ ಸುಪುತ್ರ ಸ್ವೀಕರಿಸಿದರು.’

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಡ್ಯೂಟಿ ಇದ್ದದ್ದರಿಂದ ಆ ಕಾರ್ಯಕ್ರಮಕ್ಕೆ ಹೋಗಲಾಗಲಿಲ್ಲ ಎಂಬ ಹೊಟ್ಟೆಯುರಿ ಬೇರೆ. ತಕ್ಷಣ ಫೋನ್ ಮಾಡಿದೆ.

“ಲೋ ಲಕ್ಷ್ಮಿಕಾಂತ, ಮಿಸ್ ಎಲ್ಲೋ?”

“ರೂಮಿಂದ ಆಚೇನೇ ಬರ್ಲಿಲ್ಲ ಕಣೇ. ಬಾಗಿಲು ಹಾಕ್ಕೊಂಡ್ಬಿಟ್ರು. ಲಕ್ವ ಹೊಡೆದಿದೆಯಂತೆ. ಬಲಗೈ ಎತ್ತಕ್ಕಾಗಲ್ವಂತೆ.”

“ಅದಕ್ಕೆ ಮಗನಿಗೆ ಪೇಟ ಇಟ್ರಾ?”

“ಮತ್ತಿನ್ನೇನ್ ಮಾಡೋದು? ಎಲ್ಲಾ ರೆಡಿ ಮಾಡ್ಕೊಂಡು ಹೋಗ್ಬಿಟ್ಟಿದ್ವಿ. ಹಣ್ಣು ಕೊಳೆತೋಗ್ತಿತ್ತು.”

ಫೋನ್ ಇಟ್ಟ ಮೇಲೆ ಅನ್ನ ತಳ ಹಿಡಿದ ವಾಸನೆ ಬಂತು. ಆರಿಸಿ ಬಂದೆ. ಬಲಗೈ ಎತ್ತಲಾಗುವುದಿಲ್ಲ ಎಂಬ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಯಾಕೆಂದರೆ ನನಗೆ ಕೈ ಎತ್ತುವುದನ್ನು ಕಲಿಸಿದವರೇ ಜಹನಾರಾ ಮಿಸ್.

ನಾವು ಯಾದಗಿರಿ ಕಡೆಯವರು. ಅಪ್ಪ ಅಮೃತಪ್ಪ ಮೆಟ್ರೋ ಕಂಬಗಳಿಗೆ ಕಬ್ಬಿಣ ಕಟ್ಟುವ ಕೆಲಸಕ್ಕೆಂದು ಬಂದವನು ನಮ್ಮನ್ನೂ ಕರೆದುಕೊಂಡು ಬಂದ. ಜೋಗುಪಾಳ್ಯದ ಒಂದು ವಠಾರದಲ್ಲಿ ಶೀಟಿನ ರೂಮು. ನನ್ನನ್ನು ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿಸಿದರು. ಮೊದಲ ದಿನ ಹಾಜರಿ ಕೂಗಿದಾಗ ನಾನು ಎದ್ದು ನಿಂತು, “ಬಂದೀನ್ರೀ” ಎಂದೆ. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ಅರ್ಧ ಕ್ಲಾಸು ಮನೆಯಲ್ಲಿ ತಮಿಳು ಮಾತಾಡುವವರು, ಕಾಲು ಭಾಗ ಉರ್ದು ಮಾತಾಡುವವರು. ಅವರೆಲ್ಲ ಸೇರಿ ನನ್ನ ಕನ್ನಡಕ್ಕೆ ನಕ್ಕರು. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವತ್ತು ಮುಚ್ಚಿದ ಬಾಯಿಯನ್ನು ನಾನು ಬಹಳ ದಿನ ತೆರೆಯಲೇ ಇಲ್ಲ.

ಜಹನಾರಾ ಮಿಸ್ ಗಣಿತ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಬುರ್ಖಾ ಮಡಿಸಿಟ್ಟು, ಗಂಜಿ ಹಾಕಿದ ಕಾಟನ್ ಸೀರೆಯಲ್ಲಿ, ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಕ್ಲಾಸಿಗೆ ಬರುತ್ತಿದ್ದರು. ಬೇರೆ ಮೇಷ್ಟರುಗಳೆಲ್ಲ ಪ್ರಶ್ನೆ ಕೇಳಿ “ಗೊತ್ತಿರೋರು ಕೈ ಎತ್ತಿ” ಅನ್ನುವವರು. ಮುಂದಿನ ಬೆಂಚಿನ ಅದೇ ನಾಲ್ಕು ಕೈ ಮೇಲೇಳುತ್ತಿದ್ದವು, ಪಾಠ ಮುಂದಕ್ಕೆ ಓಡುತ್ತಿತ್ತು. ಈಯಮ್ಮ ಬಂದ ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿ, ನಮ್ಮ ಕಡೆ ತಿರುಗಿ ಹೇಳಿದರು:

“ಗೊತ್ತಿಲ್ಲದೋರು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಯಾರು ಎತ್ತುತ್ತಾರೆ, ಮಾನ ಹೋಗುವುದಿಲ್ಲವೇ?

“ಎಲ್ಲಾರ್ಗೂ ಗೊತ್ತಾ? ಅರೆ, ಹಾಗಾದ್ರೆ ನಾನ್ಯಾಕೆ ಇಲ್ಲಿ? ಗೊತ್ತಿರೋರಿಗೆ ಟೀಚರ್ ಬೇಕಾಗಿಲ್ಲ. ನಾನು ಗೊತ್ತಿಲ್ಲದೋರ ಟೀಚರ್. ಕೈ ಎತ್ತಿ, ಇಲ್ಲಾಂದ್ರೆ ಬೆಲ್ ಹೊಡೆಯೋವರೆಗೂ ಹೀಗೇ ನಿಂತಿರ್ತೀನಿ.”

ನಿಜವಾಗಿಯೂ ಬೆಲ್ ಹೊಡೆಯುವವರೆಗೆ ನಿಂತಿದ್ದರು. ಮಾರನೇ ದಿನ ಬಂದು ಅದೇ ಲೆಕ್ಕ ಬರೆದು ಮತ್ತೆ ನಿಂತರು. ಆ ಮೌನ ತಡೆಯಲಾಗದೆ ನಾನು ಕೈಯನ್ನು ಡೆಸ್ಕಿನಿಂದ ಗೇಣುದ್ದ ಮೇಲೆತ್ತಿದೆ.

“ಯಾರದು? ಅರ್ಧ ಕೈ ನಂಗೆ ಕಾಣಲ್ಲ. ತೋಳು ಕಿವಿಗೆ ತಾಗ್ಬೇಕು.”

ತಾಗಿಸಿದೆ. ಅವರು ನನ್ನನ್ನು ನೋಡಿ, “ನೋಡಿದೆ. ಕೈ ಇಳಿಸು” ಎಂದರು. ಅದು ಅವರ ಕ್ಲಾಸಿನ ಕಾನೂನು. ಅವರು ‘ನೋಡಿದೆ’ ಅನ್ನುವವರೆಗೆ ಕೈ ಇಳಿಸುವಂತಿಲ್ಲ. ಅವರೂ ಯಾವ ಕೈಯನ್ನೂ ನೋಡದೆ ಬಿಡುವಂತಿಲ್ಲ. ನೋಡಿದ ಮೇಲೆ ನೇರ ನಮ್ಮ ಬೆಂಚಿಗೇ ಬಂದು ಕೂರುತ್ತಿದ್ದರು.

ನನಗೆ ಗೊತ್ತಿಲ್ಲದ್ದು, ಮೈನಸ್ ಸಂಖ್ಯೆಯನ್ನು ಕಳೆದರೆ ಪ್ಲಸ್ ಮಾಡಿದಂತೆ ಹೇಗಾಗುತ್ತದೆ ಎಂಬುದು. ಕೇಳುವುದಕ್ಕೆ ಬಾಯಿ ಬಿಟ್ಟರೆ ಮತ್ತೆ ನಗುತ್ತಾರೆ ಎಂದು ಬೆರಳಿನಿಂದ ತೋರಿಸಿದೆ.

“ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ?” ಮಿಸ್ ಕೇಳಿದರು.

“ಮೆಟ್ರೋ ಕಂಬಕ್ಕ ಕಬ್ಬಿಣ ಕಟ್ತಾರ್ರೀ.”

ಹಿಂದೆ ಯಾರೋ ಕಿಸಕ್ ಎಂದರು. ಮಿಸ್ ಆ ಕಡೆ ಬರೀ ನೋಡಿದರು, ಸದ್ದು ನಿಂತಿತು.

“ಕಂಬಕ್ಕೆ ಮೊದಲು ಗುಂಡಿ ತೋಡ್ತಾರೆ ಅಲ್ವಾ? ಗುಂಡಿ ಅಂದ್ರೆ ಮೈನಸ್. ಈಗ ನಾನು ನಿಮ್ಮಪ್ಪಂಗೆ ಹೇಳ್ತೀನಿ, ಅಮೃತಪ್ಪನವರೇ, ಈ ಗುಂಡೀನ ಇಲ್ಲಿಂದ ತೆಗೆದುಬಿಡಿ ಅಂತ. ಏನ್ ಮಾಡ್ತಾರೆ?”

ನಾನು ಯೋಚಿಸಿದೆ. “ಮಣ್ಣು ತುಂಬ್ತಾರ್ರೀ.”

“ತುಂಬೋದು ಅಂದ್ರೆ ಪ್ಲಸ್ಸಾ ಮೈನಸ್ಸಾ?”

ಅಷ್ಟೇ. ಅವತ್ತಿನಿಂದ ಗಣಿತ ನನ್ನ ತಂಟೆಗೆ ಬರಲಿಲ್ಲ. ನಮ್ಮಪ್ಪನ ಕೆಲಸದ ಒಳಗೆ ಗಣಿತ ಇದೆ ಎಂದು ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಮಿಸ್ ಬೆಳಗಿನ ಗಸ್ತು ಶುರು ಮಾಡುತ್ತಿದ್ದರು. ಫಜರ್ ನಮಾಜು ಮುಗಿಸಿ, ಕೈಯಲ್ಲೊಂದು ಛತ್ರಿ ಹಿಡಿದು ಹಲಸೂರಿನಿಂದ ಜೋಗುಪಾಳ್ಯದ ಗಲ್ಲಿಗಳಿಗೆ ನಡೆದು ಬರುವರು. ಛತ್ರಿ ನಾಯಿಗಳಿಗೆ ಎಂದು ಹೇಳುತ್ತಿದ್ದರು. ನಮಗೂ ಅದು ಚೆನ್ನಾಗಿಯೇ ಉಪಯೋಗವಾಗುತ್ತಿತ್ತು. ತಮ್ಮ ವಿದ್ಯಾರ್ಥಿ ಇರುವ ಮನೆಯ ಕಿಟಕಿಯಲ್ಲಿ ಲೈಟು ಕಂಡರೆ ಮುಂದಕ್ಕೆ ಹೋಗುವರು. ಕಾಣದಿದ್ದರೆ ಛತ್ರಿಯ ಹಿಡಿಯಿಂದ ಬಾಗಿಲು ಬಡಿಯುವರು. ಮೊದಲ ದಿನ ನಮ್ಮ ಬಾಗಿಲು ಬಡಿದಾಗ ಅಪ್ಪ ಗಾಬರಿಯಿಂದ ಎದ್ದು, “ಪೊಲೀಸ್ರು ಬಂದಾರೇನು ನೋಡು” ಎಂದಿದ್ದ. ಅವ್ವ ಬಾಗಿಲ ಸಂದಿಯಲ್ಲಿ ನೋಡಿ ಹೇಳಿದಳು: “ಪೊಲೀಸ್ರಾದ್ರ ಹೆಂಗರ ಮಾಡಿ ಕಳಿಸಬಹುದಿತ್ತು. ಇವ್ರು ಪೀರವ್ವನ ಟೀಚರ್ರು.”

ನಾವು ಕಡಿಮೆಯವರೇ? ಲೈಟು ಹಾಕಿ ಕೌದಿ ಹೊದ್ದು ಮಲಗುವುದನ್ನು ಒಂದೇ ವಾರದಲ್ಲಿ ಕಲಿತೆವು. ಲಕ್ಷ್ಮಿಕಾಂತನಂತೂ ಅವರಮ್ಮನಿಗೇ ಲೈಟು ಹಾಕುವ ಕೆಲಸ ವಹಿಸಿಬಿಟ್ಟಿದ್ದ. ಒಂದು ದಿನ ನಾನು ಹಾಗೆ ಮಲಗಿದ್ದಾಗ ಕಿಟಕಿಯ ಆಚೆಯಿಂದ ಮೆಲ್ಲಗೆ ಧ್ವನಿ ಬಂತು: “ಪೀರಮ್ಮಾ, ಲೈಟು ಓದ್ತಿದೆ, ನೀನು ಯಾವಾಗ ಓದ್ತೀಯಾ?” ನಾನು ಬಡಕ್ಕನೆ ಎದ್ದು ಕೂತೆ. ಆಮೇಲೆ ಮಲಗಲಿಲ್ಲ.

ಪಾಸಾದೆ, ಡಿಪ್ಲೊಮಾ ಮಾಡಿದೆ, ಮೆಟ್ರೋದಲ್ಲಿ ರೈಲು ಓಡಿಸುವ ಕೆಲಸಕ್ಕೆ ಆಯ್ಕೆಯಾದೆ. ಇದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಲೀಸು ಅನ್ನಿಸುತ್ತದೆ. ಸಲೀಸಾಗಿರಲಿಲ್ಲ. ಟ್ರೈನಿಂಗಿನಲ್ಲಿ ಎಲ್ಲ ಇಂಗ್ಲಿಷಿನಲ್ಲಿ ಹೇಳಿ, “ಎನಿ ಡೌಟ್ಸ್?” ಎಂದು ಕೇಳುತ್ತಿದ್ದರು. ಇಂಜಿನಿಯರಿಂಗ್ ಓದಿ ಬಂದವರೂ ತಲೆ ಅಲ್ಲಾಡಿಸಿ ಸುಮ್ಮನಿರುತ್ತಿದ್ದರು. ನನ್ನ ಕೈ ಮಾತ್ರ ತನ್ನಷ್ಟಕ್ಕೆ ಮೇಲೇಳುತ್ತಿತ್ತು, ತೋಳು ಕಿವಿಗೆ ತಾಗುವ ಹಾಗೆ. ‘ಸರ್, ನನಗೆ ಗೊತ್ತಾಗಲಿಲ್ಲ’ ಎಂದು ಕೇಳಿ ಕೇಳಿ ಕಲಿತೆ. ಸಾವಿರಾರು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಓಡುವ ಕೆಲಸ ಇದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದುಕೊಂಡು ಇಲ್ಲಿ ಕೂರುವ ಹಾಗಿಲ್ಲ. ಅದನ್ನು ನನಗೆ ಎಂಟನೇ ಕ್ಲಾಸಿನಲ್ಲೇ ಕಲಿಸಿದ್ದರು.

ಫೋಟೋ ನೋಡಿದ ಮಾರನೇ ದಿನ ಡ್ಯೂಟಿ ಮುಗಿಸಿ ಹಲಸೂರು ಸ್ಟೇಷನ್ನಿನಲ್ಲಿ ಇಳಿದೆ. ಮಿಸ್ ಮನೆ ಮೆಟ್ರೋ ಲೈನಿಗೆ ಅಂಟಿಕೊಂಡಂತಿರುವ ಗಲ್ಲಿಯಲ್ಲಿ, ಮೊದಲ ಮಹಡಿ. ಸೊಸೆ ಅಲಿಯಾ ಬಾಗಿಲು ತೆಗೆದಳು. ಹಾಲ್‌ನ ಮೂಲೆಯಲ್ಲಿ ಮೈಸೂರು ಪೇಟ ಪ್ಲಾಸ್ಟಿಕ್ ಕವರಿನೊಳಗೆ ಕೂತಿತ್ತು.

“ಡಾಕ್ಟ್ರು ಹೇಳಿದಾರೆ ಅಕ್ಕಾ,” ಅಲಿಯಾ ಅಡುಗೆಮನೆಯಲ್ಲಿ ಟೀ ಸೋಸುತ್ತ ಪಿಸುಗುಟ್ಟಿದಳು. “ಮೊದಲ ಮೂರ್ನಾಕು ತಿಂಗಳೇ ಮುಖ್ಯ ಅಂತೆ. ಈಗ ಕೈಗೆ ಕೆಲಸ ಕೊಟ್ರೆ ವಾಪಸ್ ಬರತ್ತೆ, ಇಲ್ಲಾಂದ್ರೆ ಹಾಗೇ ನಿಂತೋಗತ್ತಂತೆ. ಮೆಟ್ಲು ಹತ್ತಬೇಕು, ಗೋಡೆ ಮೇಲೆ ಬೆರಳು ಹತ್ತಿಸ್ಬೇಕು. ಅಮ್ಮಿ ಏನೂ ಮಾಡಲ್ಲ. ಫಿಸಿಯೋ ಹುಡುಗಿ ಬಂದ್ರೆ ತಲೆನೋವು ಅಂತಾರೆ. ಒಂದೂವರೆ ತಿಂಗಳು ಆಗ್ಲೇ ಹೋಯ್ತು.”

ಮಿಸ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಲಗೈ ದುಪಟ್ಟಾದ ಅಡಿಯಲ್ಲಿತ್ತು.

“ನೀನೂ ಪೇಟ ತಂದಿದೀಯಾ?” ಎಂದು ಗೋಡೆಗೇ ಕೇಳಿದರು. ಮಾತು ಸ್ವಲ್ಪ ತೊದಲುತ್ತಿತ್ತು.

“ಇಲ್ಲ ಮಿಸ್. ಬರಿಗೈಲಿ ಬಂದಿದೀನಿ.”

“ಒಳ್ಳೇದು. ಕೂತ್ಕೋ.”

ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ನೀವಿಲ್ಲದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ ಎಂಬಂಥ ಮಾತುಗಳು. ಗೋಡೆಗೆ ಮುಖ ಮಾಡಿದ ಆ ಬೆನ್ನಿಗೆ ಅದನ್ನೆಲ್ಲ ಹೇಳಿದರೆ ಫೈಸಲನಿಗೆ ಶಾಲು ಹೊದಿಸಿದಂತೆಯೇ ಆಗುತ್ತದೆ ಅನ್ನಿಸಿತು.

“ಎಕ್ಸರ್ಸೈಸ್ ಮಾಡಲ್ವಂತೆ ಮಿಸ್?”

“ಅಲಿಯಾ ಚಾಡಿ ಹೇಳಿದ್ಲಾ?”

“ಪಕ್ಕದೋರು ಪಾಠ ಕೇಳದೇ ನಿದ್ದೆ ಮಾಡ್ತಿದ್ರೆ ಬಂದು ಹೇಳಿ ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು?”

“ಸಾಕು ಪೀರಮ್ಮ. ಅಷ್ಟು ವರ್ಷ ಬೋರ್ಡ್ ಮೇಲೆ ಬರೆದ ಕೈ ಇದು. ನಂಗೆ ರಿಟೈರ್ಮೆಂಟ್ ಆಯ್ತು, ಕೈಗೂ ಆಯ್ತು ಅಂದ್ಕೋ.”

ಅಷ್ಟರಲ್ಲಿ ಮೇಲಿನ ಹಳಿಯಲ್ಲಿ ಟ್ರೈನು ಹೋಯಿತು. ಕಿಟಕಿಯ ಗಾಜು ಸಣ್ಣಗೆ ಗುಂಯ್‌ಗುಟ್ಟಿತು. ನನಗೆ ಉಪಾಯ ಹೊಳೆದದ್ದು ಆಗ.

“ಮಿಸ್, ನಾಳೆಯಿಂದ ನಾನು ಬೆಳಗಿನ ಶಿಫ್ಟೇ ಕೇಳಿ ಹಾಕಿಸ್ಕೊಳ್ತೀನಿ. ಐದು ಗಂಟೆ ಟ್ರೈನ್ ತರ್ತೀನಿ. ಸ್ಟೇಷನ್ ಸೇರೋ ಮುಂಚೆ ನಿಮ್ಮ ಟೆರೇಸ್ ನಂಗೆ ಎದುರಿಗೇ ಕಾಣತ್ತೆ. ನೀವು ಎದ್ದು ಮೆಟ್ಲು ಹತ್ತಿ ಅಲ್ಲಿ ಲೈಟ್ ಹಾಕ್ಬೇಕು, ಅಲ್ಲೇ ಗೋಡೆ ಹತ್ರ ಎಕ್ಸರ್ಸೈಸ್ ಮಾಡ್ಬೇಕು. ಲೈಟ್ ಕಂಡ್ರೆ ಮುಂದಕ್ಕೆ ಹೋಗ್ತೀನಿ. ಕಾಣ್ಲಿಲ್ಲಾಂದ್ರೆ ಡ್ಯೂಟಿ ಮುಗಿಸಿ ಛತ್ರಿ ತಗೊಂಡು ಬರ್ತೀನಿ.”

ಬೆನ್ನು ಸ್ವಲ್ಪ ಅಲ್ಲಾಡಿತು. ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳಿಯಲಿಲ್ಲ.

“ಆಯ್ತು ಹೋಗು. ಹಾಕ್ತೀನಿ,” ಎಂದರು, ನನ್ನನ್ನು ಸಾಗಹಾಕುವ ದನಿಯಲ್ಲಿ.

ನನ್ನ ಜೊತೆ ಕೆಲಸ ಮಾಡುವ ಕಿರಣಕುಮಾರನಿಗೆ ಬೆಳಗಿನ ಶಿಫ್ಟೆಂದರೆ ಪ್ರಾಣಸಂಕಟ. ಅವನ ಬೆಳಗನ್ನೆಲ್ಲ ನಾನು ತೆಗೆದುಕೊಳ್ಳುತ್ತೇನೆ ಎಂದಾಗ, “ದೇವ್ರು ನೀವು ಮೇಡಂ” ಎಂದು ಕೈಮುಗಿದ. ಮೇಲಿನವರೂ ಒಪ್ಪಿದರು. ಮಾರನೇ ದಿನ ಕತ್ತಲಿನಲ್ಲೇ ಟ್ರೈನು ತೆಗೆದುಕೊಂಡು ಹೊರಟೆ. ಇಂದಿರಾನಗರ ದಾಟಿ ವೇಗ ಕಡಿಮೆ ಮಾಡುತ್ತ ಬಂದಾಗ, ಎಡಕ್ಕೆ ಇನ್ನೂ ಮಲಗಿದ್ದ ಮನೆಗಳ ನಡುವೆ ಒಂದು ಟೆರೇಸಿನಲ್ಲಿ ಹಳದಿ ಬಲ್ಬು ಉರಿಯುತ್ತಿತ್ತು. ನಿಲ್ಲಿಸಿ ಕಣ್ಣೊರೆಸಿಕೊಂಡೆ. ಬಾಗಿಲು ತೆಗೆದೆ, ಹೂವಿನ ಬುಟ್ಟಿಯ ಇಬ್ಬರು ಹೆಂಗಸರು ಹತ್ತಿದರು, ಬಾಗಿಲು ಹಾಕಿದೆ.

ಮಾರನೇ ದಿನವೂ ಬಲ್ಬು ಉರಿಯುತ್ತಿತ್ತು. ಅದರ ಮಾರನೇ ದಿನವೂ. ವಾರವಾಯಿತು, ಎರಡು ವಾರವಾಯಿತು, ಮೂರಾಯಿತು, ಒಂದು ದಿನವೂ ತಪ್ಪಲಿಲ್ಲ. ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವ್ವ ಫೋನಿನಲ್ಲಿ, “ನಿನ್ನ ಟೀಚರ್ರಿಗೆ ನೀನಾ ಟೀಚರ್ ಆದೆಲ್ಲ ಬೇ” ಎಂದಳು. ನಾನು ಉಬ್ಬಿಹೋದೆ. ಗ್ರೂಪಿನಲ್ಲಿಯೂ ಬರೆದೆ. ಲಕ್ಷ್ಮಿಕಾಂತ ಕೂಡಲೇ, ಮಿಸ್ ಗುಣವಾದರೆ ಮತ್ತೊಂದು ಗುರುವಂದನೆ ಇಟ್ಟುಕೊಳ್ಳೋಣ, ಪೇಟ ಹೇಗೂ ಅಲ್ಲೇ ಇದೆ ಎಂದು ಉತ್ತರ ಹಾಕಿದ.

ಒಂದು ಸೋಮವಾರ ಬಲ್ಬು ಇರಲಿಲ್ಲ. ಕರೆಂಟು ಹೋಗಿದೆಯೇನೋ ಎಂದುಕೊಂಡೆ. ಪಕ್ಕದ ಮನೆಯಲ್ಲಿ ಲೈಟಿತ್ತು. ಮಂಗಳವಾರವೂ ಕತ್ತಲು. ಮತ್ತೆ ಲಕ್ವ ಹೊಡೆಯಿತೇ? ಡ್ಯೂಟಿ ಮುಗಿದ ಕೂಡಲೇ ಓಡಿದೆ. ಹೇಳಿದ ಮಾತು ಹೇಳಿದ ಹಾಗೆ, ಛತ್ರಿ ಹಿಡಿದುಕೊಂಡೇ ಹೋದೆ. ಬಾಗಿಲು ತೆಗೆದವನು ಫೈಸಲ್.

“ಮಿಸ್ ಹೇಗಿದಾರೆ?”

“ಹಾಗೇ ಇದಾರೆ ಅಕ್ಕಾ. ಯಾಕೆ?”

“ಅಲಿಯಾ ಎಲ್ಲಿ?”

“ಕೆ.ಆರ್. ಪುರಂಗೆ ಹೋಗಿದಾಳೆ, ಅವ್ರಮ್ಮನ ಮನೆಗೆ. ಭಾನುವಾರನೇ ಹೋದ್ಲು.”

ನನ್ನ ತಲೆಯೊಳಗೆ ಟಕ್ ಎಂದಿತು. ಒಳಗೆ ಹೋಗದೆ ನೇರ ಟೆರೇಸಿಗೆ ಹತ್ತಿದೆ. ಬಲ್ಬಿನ ಕೆಳಗಿನ ಗೋಡೆಗೆ ಒಣಗಿದ ಕರಿಬೇವಿನ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಆ ಗೋಡೆಯ ಹತ್ತಿರ ಯಾರೂ ನಿಂತಿರಲು ಸಾಧ್ಯವೇ ಇರಲಿಲ್ಲ. ಇಳಿದು ಬಂದೆ. ಮಿಸ್ ಮಂಚದ ಮೇಲೆ ಕೂತಿದ್ದರು. ನನ್ನ ಕೈಯಲ್ಲಿದ್ದ ಛತ್ರಿ ನೋಡಿ, “ಮಳೆ ಬರ್ತಿದೆಯಾ?” ಎಂದರು.

“ಲೈಟ್ ಯಾರು ಹಾಕ್ತಿದ್ರು ಮಿಸ್?”

ಹಿಂದೆ ನಿಂತಿದ್ದ ಫೈಸಲ್, “ಅಂಗಡಿಗೆ ಲೇಟಾಯ್ತು” ಎಂದು ಮೆಟ್ಟಿಲಿಳಿದುಬಿಟ್ಟ.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ? ಒಳಗೊಳಗೇ ಉರಿದುಹೋದೆ. ಮೂರು ವಾರ! ಇದ್ದದ್ದೇ ಮೂರ್ನಾಲ್ಕು ತಿಂಗಳು, ಅದರಲ್ಲಿ ಮೂರು ವಾರ ನಾನೊಬ್ಬಳು ಬೆಪ್ಪಿಯಂತೆ ಬಲ್ಬು ನೋಡಿ ಕಣ್ಣೀರು ಹಾಕುತ್ತ ಟ್ರೈನು ಓಡಿಸಿದ್ದೆ.

“ಲೈಟ್ ಹಾಕಿ ಹೊದ್ಕೊಂಡು ಮಲಗೋದು ನಮ್ಮ ಬ್ಯಾಚಿನ ಕೆಲಸ ಮಿಸ್!” ಎಂದು ಕೂಗಿಯೇಬಿಟ್ಟೆ. ಮಿಸ್ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. “ಬೇರೆಯೋರ ಕೈಲಿ ಲೈಟ್ ಹಾಕ್ಸೋದು ಲಕ್ಷ್ಮಿಕಾಂತನ ಕೆಲಸ. ನೀವು ಯಾವಾಗಿಂದ ಲಕ್ಷ್ಮಿಕಾಂತ ಆದ್ರಿ? ಲೈಟು ಎಕ್ಸರ್ಸೈಸ್ ಮಾಡ್ತಿದೆ, ನೀವು ಯಾವಾಗ ಮಾಡ್ತೀರಾ?”

ಮಿಸ್ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಬಾಯಿ ಒಂದು ಕಡೆಗೆ ವಾಲುತ್ತದೆಂದು ಯಾರೆದುರಿಗೂ ನಗದೆ ಇದ್ದವರು, ಎಡಗೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವಾಗ ಅದು ಅಳುವಾಗಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಛತ್ರಿ ನೆಲಕ್ಕೆ ಹಾಕಿ ಅವರ ಪಕ್ಕ ಕೂತೆ.

“ನಾನು ಮೈಗಳ್ಳಿ ಅಲ್ಲ ಪೀರಮ್ಮ,” ಎಂದರು ಕಡೆಗೆ. “ಮೊದಲ ವಾರ ಮಾಡ್ದೆ. ಬರ್ಲಿಲ್ಲ. ಆ ಹುಡುಗಿ ‘ಎತ್ತಿ ಆಂಟಿ, ಎತ್ತಿ ಆಂಟಿ’ ಅಂತಾಳೆ. ಎತ್ತೋದು ಹೇಗೆ ಅಂತ ನಂಗೆ ಗೊತ್ತಾಗ್ತಿಲ್ಲ. ಕೈ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಯಾರಿಗೆ ಹೇಳ್ಲಿ ಇದನ್ನ? ಊರಿಗೆಲ್ಲಾ ಪಾಠ ಹೇಳ್ದೋಳು, ನಂಗೆ ನನ್ನ ಕೈ ಎತ್ತಕ್ಕೆ ಗೊತ್ತಿಲ್ಲ ಅಂತ ಹೇಳ್ಲಾ?”

ನಾನು ಯೋಚಿಸಿ ಹೇಳಿದ ಮಾತಲ್ಲ ಅದು. ತಾನಾಗಿ ಬಾಯಿಗೆ ಬಂತು.

“ಗೊತ್ತಿಲ್ಲದೋರು ಕೈ ಎತ್ತಬೇಕು ಮಿಸ್.”

ಅವರು ಕಣ್ಣೊರೆಸಿಕೊಂಡರು. ಆಮೇಲೆ ಎಡಗೈ ಎತ್ತಿದರು.

“ಅದಲ್ಲ. ಆ ಕೈ.”

ದುಪಟ್ಟಾದ ಅಡಿಯಿಂದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳು ಒಳಗೆ ಮಡಚಿದ್ದವು. ಹಣೆಯಲ್ಲಿ ಬೆವರು ಮೂಡುವಷ್ಟು ಹೊತ್ತು ಅದನ್ನೇ ನೋಡುತ್ತ ಕೂತರು. ಮಣಿಕಟ್ಟು ತೊಡೆಯಿಂದ ಒಂದು ಕಾಳಿನಷ್ಟು ಮೇಲೆದ್ದಿತು, ಮತ್ತೆ ಬಿತ್ತು.

“ನೋಡಿದೆ,” ಎಂದೆ. “ಇಳಿಸಿ.”

ಅವತ್ತು ಅಲ್ಲಿಯೇ ಊಟ ಮಾಡಿ, ಕುಂಡಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಬಂದೆ. ಅಲಿಯಾಳಿಗೆ ಫೋನ್ ಮಾಡಿ ಲೈಟು ಹಾಕುವ ಕೆಲಸದಿಂದ ಬಿಡುಗಡೆ ಕೊಟ್ಟೆ. “ಸಾರಿ ಅಕ್ಕಾ, ಅಮ್ಮಿ ಆಣೆ ಹಾಕ್ಸಿದ್ರು,” ಎಂದು ಅವಳು ಗೋಳಾಡಿದಳು. ರಜೆಯ ದಿನ ಹೋಗಿ ಮಿಸ್ ಜೊತೆ ಗೋಡೆಯೆದುರು ನಿಲ್ಲತೊಡಗಿದೆ. ಅವರ ಬೆರಳುಗಳು ಗೋಡೆಯ ಮೇಲೆ ಒಂದೊಂದಾಗಿ ಹತ್ತಬೇಕು. ಎಲ್ಲಿಗೆ ಸೋತು ನಿಲ್ಲುತ್ತವೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ. ಆ ಗೆರೆ ಮೇಲೇರಿದ್ದು ಬಹಳ ನಿಧಾನ. ಕೆಲವು ವಾರ ಏರಲೇ ಇಲ್ಲ; ಒಂದು ವಾರ ಇಳಿಯಿತು ಕೂಡ. ಆಗೆಲ್ಲ ಮಿಸ್ ಫಿಸಿಯೋ ಹುಡುಗಿಗೂ ನನಗೂ ಸೇರಿಸಿ ತಮ್ಮ ಮನೆಮಾತು ದಖ್ನಿ ಉರ್ದುವಿನಲ್ಲಿ ಬೈಯುತ್ತಿದ್ದರು. ಅರ್ಥವಾಗದಂತೆ ನಟಿಸುವುದು ನಮ್ಮಿಬ್ಬರಿಗೂ ಅಭ್ಯಾಸವಾಯಿತು.

ಬಲ್ಬು ಈಗ ಕೆಲವು ದಿನ ಉರಿಯುತ್ತಿತ್ತು, ಕೆಲವು ದಿನ ಇಲ್ಲ. ಆ ‘ಇಲ್ಲ’ದಿಂದಲೇ ನನಗೆ ನಂಬಿಕೆ ಬಂತು. ಒಂದು ದಿನವೂ ತಪ್ಪದ ಬಲ್ಬಿನ ಕಥೆ ಗೊತ್ತಿತ್ತಲ್ಲ.

ಡಾಕ್ಟರು ಹೇಳಿದ ಗಡುವು ಮುಗಿಯುತ್ತ ಬಂತು. ಕೈ ಭುಜದವರೆಗೆ ಬರುತ್ತಿತ್ತು, ಅಲ್ಲಿಂದ ಮೇಲಕ್ಕೆ ಇಲ್ಲ. “ಇಷ್ಟೇ ಇರ್ಬಹುದು ಆಂಟಿ, ಇದೂ ಒಳ್ಳೇದೇ,” ಎಂದು ಫಿಸಿಯೋ ಹುಡುಗಿ ಮೆಲ್ಲಗೆ ಹೇಳಿದಳು. ಅವತ್ತು ನಾನು ಹೊರಡುವಾಗ ಮಿಸ್ ಬಾಗಿಲವರೆಗೆ ಬಂದು, “ಅರ್ಧ ಕೈ ನಂಗೆ ಕಾಣಲ್ಲ ಅಂತಿದ್ದೆ ಅಲ್ವಾ ನಿಮಗೆಲ್ಲಾ?” ಎಂದರು. “ಎಷ್ಟು ಜೋರು ಮಾಡ್ತಿದ್ದೆ ನಾನು.”

“ಜೋರು ಮಾಡಿದ್ರಿಂದ್ಲೇ ಎತ್ತಿದ್ದು ಮಿಸ್,” ಎಂದೆ. ಬೇಗ ಬೇಗ ಮೆಟ್ಟಿಲಿಳಿದೆ.

ಅದಾಗಿ ನಾಲ್ಕೈದು ದಿನ ಬಲ್ಬು ಉರಿಯಲಿಲ್ಲ. ಕೈ ಚೆಲ್ಲಿಬಿಟ್ಟರು ಎಂದುಕೊಂಡೆ. ಒಂದು ಶುಕ್ರವಾರ ಐದರ ಟ್ರೈನಿನಿಂದ ನೋಡಿದಾಗಲೂ ಕತ್ತಲು. ಛತ್ರಿ ಹಿಡಿದು ಹೋಗುವ ಉಮೇದು ಕೂಡ ನನ್ನಲ್ಲಿ ಉಳಿದಿರಲಿಲ್ಲ. ಇಷ್ಟೇ ಸಾಕು, ಅವರನ್ನು ಅವರ ಪಾಡಿಗೆ ಬಿಡಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತ ಮುಂದಿನ ಸುತ್ತಿಗೆ ಬಂದೆ. ಆಗ ಚೆನ್ನಾಗಿ ಬೆಳಕಾಗಿತ್ತು. ಇಂದಿರಾನಗರ ಬಿಟ್ಟು, ವೇಗ ತಗ್ಗಿಸಿ, ಹಲಸೂರು ಪ್ಲಾಟ್‌ಫಾರ್ಮು ಕಾಣುವ ಜಾಗಕ್ಕೆ ಬಂದೆ.

ಟೆರೇಸಿನ ಮೇಲೆ ಮಿಸ್ ನಿಂತಿದ್ದರು. ಎಡಗೈ ಪ್ಯಾರಪೆಟ್ ಗೋಡೆ ಹಿಡಿದಿತ್ತು. ಬಲಗೈ ಮೇಲೆದ್ದಿತ್ತು. ನೆಟ್ಟಗಿರಲಿಲ್ಲ, ಮೊಣಕೈ ಸೊಟ್ಟಗಿತ್ತು, ಬೆರಳು ಪೂರ್ತಿ ಬಿಡಿಸಿರಲಿಲ್ಲ. ಆದರೆ ತೋಳು ಕಿವಿಯ ಪಕ್ಕದಲ್ಲಿತ್ತು. ತಲೆಯ ಮೇಲಿಂದ ದುಪಟ್ಟಾ ಜಾರಿದ್ದರೂ ಸರಿಮಾಡಿಕೊಳ್ಳದೆ, ಬೆಂಚಿನ ಮೇಲೆ ಎದ್ದು ನಿಂತ ಹುಡುಗಿಯ ಹಾಗೆ ಟ್ರೈನ್ ಕಡೆಗೇ ನೋಡುತ್ತಿದ್ದರು.

ನಾನು ಕೈ ಬೀಸುವಂತಿರಲಿಲ್ಲ. ಎರಡು ಕೈಗೂ ಕೆಲಸವಿತ್ತು, ಕಣ್ಣಿಗೆ ಹಳಿಯಿತ್ತು. ಬಿಳಿ ಗೆರೆಗೆ ಸರಿಯಾಗಿ ನಿಲ್ಲಿಸಿದೆ, ಬಾಗಿಲು ತೆಗೆದೆ, ಹಾಕಿದೆ, ಹೊರಟೆ. ಮುಂದಿನ ಟ್ರಿನಿಟಿ ಸ್ಟೇಷನ್ನಿನವರೆಗೂ ಕಣ್ಣು ಮಂಜಾಗದ ಹಾಗೆ ಹೇಗೆ ತಡೆದುಕೊಂಡೆನೋ ನನಗೇ ಗೊತ್ತು.

ಸುತ್ತು ಮುಗಿಸಿ ಬೈಯಪ್ಪನಹಳ್ಳಿಯ ನಮ್ಮ ವಿಶ್ರಾಂತಿ ಕೋಣೆಗೆ ಬಂದಾಗ ಕಿರಣಕುಮಾರ ಟೀ ಹಿಡಿದುಕೊಂಡು ಯಾರಿಗೋ ಹೇಳುತ್ತಿದ್ದ. ಅವತ್ತು ಅಪರೂಪಕ್ಕೆ ಅವನಿಗೂ ಬೆಳಗಿನ ಶಿಫ್ಟು ಬಿದ್ದಿತ್ತು.

“ಹಲಸೂರು ಹತ್ರ ಟೆರೇಸ್ ಮೇಲೆ ಯಾರೋ ಆಂಟಿ ಕೈ ಎತ್ಕೊಂಡು ನಿಂತಿದಾರೆ ಗುರು. ಕೈ ಎತ್ತಿದ್ರೆ ನಿಲ್ಲಿಸು ಅಂತ ತಾನೇ ನಮ್ಗೆ ಹೇಳ್ಕೊಟ್ಟಿರೋದು? ಎದೆ ಧಸಕ್ ಅಂತು. ಹೋಗ್ವಾಗ್ಲೂ ಎತ್ತಿದ್ರು, ವಾಪಸ್ ಬರ್ವಾಗ್ಲೂ ಎತ್ತಿದ್ರು!”

“ನಂಗೂ ಎತ್ತಿದ್ರು,” ಎಂದ ಇನ್ನೊಬ್ಬ.

ನಾನು ಚೀಲದಿಂದ ಫೋನು ತೆಗೆದು ಕೋಣೆಯ ಆಚೆಗೆ ಓಡಿದೆ. ಮೊದಲ ರಿಂಗಿಗೇ ಅಲಿಯಾ ಎತ್ತಿದಳು.

“ಅಕ್ಕಾ, ಎಲ್ಲಿದೀರಾ? ಅಮ್ಮಿ ಕೆಳಗೆ ಬಾ ಅಂದ್ರೆ ಬರ್ತಾನೇ ಇಲ್ಲ. ನಾಷ್ಟಾನೂ ಮಾಡಿಲ್ಲ. ನಾಲ್ಕೈದು ದಿನದಿಂದ ರೂಮಲ್ಲೇ ಬಾಗಿಲು ಹಾಕ್ಕೊಂಡು ಮಾಡ್ತಿದ್ರು. ಇವತ್ತು ಬೆಳಕಾದಾಗಿಂದ, ಎರಡು ಗಂಟೆ ಹೊತ್ತಾಯ್ತು, ಹೋಗೋ ಟ್ರೈನಿಗೆಲ್ಲಾ ಕೈ ಎತ್ತಿ ಎತ್ತಿ ಇಳಿಸ್ತಿದಾರೆ. ಯಾವ ಟ್ರೈನಲ್ಲಿ ನೀವಿದೀರಾ ಅಂತ ಅವ್ರಿಗೆ ಹೇಗೆ ಗೊತ್ತಾಗ್ಬೇಕು? ನೀವು ನೋಡಿದೆ ಅಂತ ಹೇಳೋವರೆಗೂ ಇಳಿಯಲ್ವಂತೆ.”

“ಫೋನ್ ಕೊಡಿ ಅವ್ರಿಗೆ.”

ಮೆಟ್ಟಿಲ ಸದ್ದು ಕೇಳಿತು, ಗಾಳಿ ಕೇಳಿತು, ಇನ್ನೊಂದು ಟ್ರೈನು ಹಾದುಹೋಗುವ ಸದ್ದು ಕೇಳಿತು. ಅದಕ್ಕೂ ಎತ್ತಿರಬೇಕು. ಆಮೇಲೆ ಏದುಸಿರಿನ ನಡುವೆ ಮಿಸ್ ದನಿ ಬಂತು.

“ಪೀರಮ್ಮಾ?”

ಮೊದಲ ಸಲ ಹೋದಾಗ ಹೇಳಲಾಗದೆ ವಾಪಸ್ ತಂದಿದ್ದ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. ಅವುಗಳ ಬದಲು ನನಗೆ ಸಿಕ್ಕಿದ್ದು ಒಂದೇ.

“ನೋಡಿದೆ ಮಿಸ್,” ಎಂದೆ. “ಕೈ ಇಳಿಸಿ.”